ತಿಂಗಳ ನೋವೂ ಬುತ್ತಿಯ ಡಬ್ಬಿಯೂ

ಬೆಳಗಿನ ಎಂಟು ಗಂಟೆಯ ಸುಮಾರಿಗೆ ಪೀಣ್ಯದ ಸಿದ್ಧ ಉಡುಪಿನ ಕಾರ್ಖಾನೆಗಳ ಬೀದಿಯಲ್ಲಿ ನಡೆದು ಹೋದವರಿಗೆ, ಅಲ್ಲಿಯ ಜನಪ್ರವಾಹದಲ್ಲಿ ಹೆಂಗಸರ ಸಂಖ್ಯೆಯೇ ಮಿಗಿಲೆಂಬುದು ಕಣ್ಣಿಗೆ ಬೀಳದೆ ಇರದು. ಲಗ್ಗೆರೆ, ಹೆಗ್ಗನಹಳ್ಳಿ, ದಾಸರಹಳ್ಳಿಗಳ ಪುಟ್ಟ ಬಾಡಿಗೆಮನೆಗಳಿಂದ ಹೊರಟು ಗುಂಪುಗುಂಪಾಗಿ ಬರುವ ಇವರ ಹೆಗಲಿಗೆ ಒಂದು ಚೀಲ. ಚೀಲದೊಳಗೆ ಬುತ್ತಿಯ ಡಬ್ಬಿ. ಕೋಳಿ ಕೂಗುವ ಹೊತ್ತಿಗೇ ಎದ್ದು, ನೀರು ಹಿಡಿದು, ಗಂಡನಿಗೂ ಮಕ್ಕಳಿಗೂ ತಿಂಡಿ ಮಾಡಿಟ್ಟು, ತಮ್ಮ ಹೊಟ್ಟೆಗೆ ಒಂದು ಲೋಟ ಚಹವನ್ನಷ್ಟೇ ಸುರಿದುಕೊಂಡು ಹೊರಟವರು ಇವರಲ್ಲಿ ಕಡಿಮೆಯೇನಲ್ಲ. ಇನ್ನು ಐದು ನಿಮಿಷದಲ್ಲಿ ಗೇಟಿನ ಒಳಗಿರಬೇಕು. ಆಮೇಲೆ ಹೊಲಿಗೆಯ ಯಂತ್ರ, ಗಂಟೆಗಿಷ್ಟು ತುಂಡೆಂಬ ಟಾರ್ಗೆಟ್ಟು, ಬೆನ್ನ ಹಿಂದೆ ಸೂಪರ್‌ವೈಸರ್.

ನಾನೂರು ಹೆಂಗಸರು ದುಡಿಯುವ ಇಂಥ ಒಂದು ಕಾರ್ಖಾನೆಯಲ್ಲಿ ಯಾವ ದಿನ ಎಣಿಸಿದರೂ ಐವತ್ತು ಅರುವತ್ತು ಮಂದಿ ಮುಟ್ಟಿನ ದಿನಗಳಲ್ಲಿ ಇರುತ್ತಾರೆ. ಇಪ್ಪತ್ತೆಂಟು ದಿನಗಳ ಚಕ್ರದಲ್ಲಿ ನಾಲ್ಕೈದು ದಿನಗಳ ಸ್ರಾವವೆಂದು ಲೆಕ್ಕ ಹಾಕಿದರೆ ಈ ಸಂಖ್ಯೆ ತಾನಾಗಿಯೇ ದೊರೆಯುತ್ತದೆ. ಇದಕ್ಕೆ ಯಾವ ಸಮೀಕ್ಷೆಯೂ ಬೇಡ. ಆದರೂ ಆ ಐವತ್ತು ಅರುವತ್ತು ಮಂದಿ ಯಾರೆಂಬುದು ಯಾರಿಗೂ ತಿಳಿಯದು, ತಿಳಿಯಬಾರದೆಂಬುದೇ ಇಷ್ಟು ದಿನದ ರೂಢಿ. 2025ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಸಚಿವ ಸಂಪುಟವು ಸರ್ಕಾರಿ ಕಚೇರಿ, ಉಡುಪಿನ ಕಾರ್ಖಾನೆ, ಮಾಹಿತಿ ತಂತ್ರಜ್ಞಾನದ ಸಂಸ್ಥೆಗಳೆಂಬ ಭೇದವಿಲ್ಲದೆ ದುಡಿಯುವ ಮಹಿಳೆಯರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನಗಳ ವೇತನಸಹಿತ ಋತುರಜೆಯನ್ನು ಕೊಡಲು ಸಮ್ಮತಿಸಿದಾಗ, ಈ ಮಾತು ಮೊದಲ ಬಾರಿಗೆ ಚಾವಡಿಗೆ ಬಂದಿತು. ಮರುತಿಂಗಳು ಆದೇಶ ಹೊರಟಿತು; ಅದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದವರೂ ಉಂಟು. ರಜೆಯ ವಾದವಿವಾದ ನ್ಯಾಯವಾದಿಗಳಿಗಿರಲಿ. ಒಂದು ದಿನ ರಜೆ ಸಿಕ್ಕಿದವಳಿಗೂ ಮಿಕ್ಕ ದಿನಗಳು ಇದ್ದೇ ಇರುತ್ತವೆ. ಆ ದಿನಗಳ ಸಂಕಟಕ್ಕೂ ತಟ್ಟೆಯಲ್ಲಿರುವ ಅನ್ನಕ್ಕೂ ಏನಾದರೂ ನಂಟುಂಟೆ? ಉಂಟಾದರೆ ಎಷ್ಟರಮಟ್ಟಿಗೆ?

ನೋವು ಬೇರೆ, ಸುಸ್ತು ಬೇರೆ

ಈ ಪ್ರಶ್ನೆಗೆ ಉತ್ತರ ಹುಡುಕುವವರು ಮೊದಲು ಎರಡು ಸಂಕಟಗಳನ್ನು ಬೇರೆ ಬೇರೆಯಾಗಿ ಗುರುತಿಸಬೇಕು. ಕಿಬ್ಬೊಟ್ಟೆ, ಸೊಂಟ, ತೊಡೆಗಳನ್ನು ಹಿಂಡುವ ನೋವು ಒಂದು. ಕಣ್ಣಿಗೆ ಕತ್ತಲೆ ಬರುವ, ಮೆಟ್ಟಿಲೇರಿದರೆ ಏದುಸಿರು ಬಿಡಿಸುವ, ಮೈಯೆಲ್ಲ ಜಡವಾಗಿಸುವ ಸುಸ್ತು ಇನ್ನೊಂದು. ಮನೆಗಳಲ್ಲಿ ಇವೆರಡನ್ನೂ ‘ಮುಟ್ಟಿನ ತೊಂದರೆ’ ಎಂಬ ಒಂದೇ ಹೆಸರಿನಿಂದ ಕರೆಯುವುದು ವಾಡಿಕೆ. ಆದರೆ ಇವುಗಳ ಮೂಲ ಒಂದಲ್ಲ; ಆದುದರಿಂದ ಮದ್ದೂ ಒಂದಲ್ಲ.

ನೋವಿನ ಮೂಲವನ್ನು ವಿಜ್ಞಾನಿಗಳು ಕಂಡುಕೊಂಡದ್ದು ಬಹಳ ಹಿಂದೇನಲ್ಲ. 1957ರಲ್ಲಿ ಇಂಗ್ಲೆಂಡಿನ ಷೆಫೀಲ್ಡಿನಲ್ಲಿ ಪಿಕಲ್ಸ್ ಎಂಬ ಶರೀರಶಾಸ್ತ್ರಜ್ಞರು ಮುಟ್ಟಿನ ಸ್ರಾವದಲ್ಲಿಯೇ ಸ್ನಾಯುಗಳನ್ನು ಕುಗ್ಗಿಸುವ ಒಂದು ವಸ್ತುವಿರುವುದನ್ನು ತೋರಿಸಿಕೊಟ್ಟರು. ಪ್ರೋಸ್ಟಗ್ಲ್ಯಾಂಡಿನ್ ಎಂಬ ಗುಂಪಿಗೆ ಸೇರಿದ ಈ ರಾಸಾಯನಿಕಗಳು ಗರ್ಭಕೋಶದ ಒಳಪದರ ಕಳಚುವಾಗ ಹುಟ್ಟಿ, ಗರ್ಭಕೋಶದ ಗೋಡೆಯನ್ನು ಹಿಂಡುತ್ತವೆ, ಹಿಂಡಿದಾಗ ಅಲ್ಲಿಗೆ ರಕ್ತದ ಹರಿವು ತಗ್ಗುತ್ತದೆ, ನೋವು ಏಳುತ್ತದೆ. ಇವು ಹೆಚ್ಚಾದವರಿಗೆ ವಾಂತಿ, ಭೇದಿ, ತಲೆನೋವುಗಳೂ ಜೊತೆಗೂಡುತ್ತವೆ. ಔಷಧದ ಅಂಗಡಿಯ ನೋವಿನ ಮಾತ್ರೆ ಮಾಡುವ ಕೆಲಸವೂ ಇಷ್ಟೇ: ಈ ರಾಸಾಯನಿಕದ ಉತ್ಪತ್ತಿಯನ್ನು ತಗ್ಗಿಸುವುದು.

ಆಹಾರದಿಂದ ಈ ನೋವು ತಗ್ಗುವುದೇ? ಸ್ವಲ್ಪಮಟ್ಟಿಗೆ ತಗ್ಗಬಹುದೆಂಬುದಕ್ಕೆ ಆಧಾರಗಳಿಲ್ಲದಿಲ್ಲ. ಅಜ್ಜಿಯರ ಶುಂಠಿ ಕಷಾಯವನ್ನು ಪ್ರಯೋಗಕ್ಕೆ ಒಡ್ಡಿದವರಿದ್ದಾರೆ. ಮೊದಲ ಮೂರು ನಾಲ್ಕು ದಿನ, ದಿನಕ್ಕೆ ಮುಕ್ಕಾಲು ಗ್ರಾಂನಿಂದ 2 ಗ್ರಾಂವರೆಗೆ ಒಣಶುಂಠಿಯ ಪುಡಿಯನ್ನು ಸೇವಿಸಿದವರಿಗೆ ನೋವು ಕಡಿಮೆಯಾದದ್ದು ಹಲವು ಸಣ್ಣ ಪ್ರಯೋಗಗಳಲ್ಲಿ ಕಂಡುಬಂದಿದೆ. ಮೆಂತ್ಯದ ಕಾಳಿನ ಪುಡಿಯನ್ನು ಇರಾನಿನ ವಿದ್ಯಾರ್ಥಿನಿಯರ ಮೇಲೆ ಪರೀಕ್ಷಿಸಿದಾಗಲೂ ಇಂಥದೇ ಫಲ ಬಂದಿತು. 1996ರಲ್ಲಿ ಅಮೆರಿಕದಲ್ಲಿ 42 ಮಂದಿ ಕಿಶೋರಿಯರಿಗೆ ಮೀನೆಣ್ಣೆ ಕೊಟ್ಟು ನೋವು ತಗ್ಗಿದುದನ್ನು ಗುರುತಿಸಿದರು. ಬಂಗುಡೆ, ಭೂತಾಯಿಗಳನ್ನು ನಿತ್ಯವೂ ಉಣ್ಣುವ ಕರಾವಳಿಯ ಮನೆಗಳಿಗೆ ಇದು ಸಂತೋಷದ ಸುದ್ದಿಯೇ ಸರಿ. ಇತ್ತ 2000ದಲ್ಲಿ ಅದೇ ದೇಶದ ವೈದ್ಯ ಬರ್ನಾರ್ಡರು 33 ಮಂದಿ ಹೆಂಗಸರಿಗೆ ಜಿಡ್ಡು ಕಡಿಮೆಯಾದ, ಹಾಲನ್ನೂ ಬಿಟ್ಟ ಸಸ್ಯಾಹಾರವನ್ನು ಕೊಟ್ಟು ಅದರಿಂದಲೂ ನೋವಿನ ಅವಧಿ ಕುಗ್ಗಿದುದನ್ನು ವರದಿ ಮಾಡಿದರು. ಮೀನು ತಿಂದವಳಿಗೂ ಗುಣ, ಬಿಟ್ಟವಳಿಗೂ ಗುಣ! ಸಣ್ಣ ಪ್ರಯೋಗಗಳ ಮಾತನ್ನು ಎಷ್ಟು ನಂಬಬೇಕೆಂಬುದನ್ನು ಓದುಗರೇ ಊಹಿಸಬಹುದು.

ನಮ್ಮ ದೇಶದಲ್ಲಿಯೇ ನಡೆದ ಒಂದು ದೊಡ್ಡ ಪ್ರಯೋಗವನ್ನು ಮಾತ್ರ ಇಲ್ಲಿ ಬಿಡುವಂತಿಲ್ಲ. ಗೋಖಲೆ ಎಂಬವರು 556 ಮಂದಿ ಹುಡುಗಿಯರಿಗೆ ದಿನಕ್ಕೆ 100 ಮಿಲಿಗ್ರಾಂನಂತೆ ಥಯಾಮಿನ್, ಎಂದರೆ ಬಿ-1 ಜೀವಸತ್ವವನ್ನು, ಮೂರು ತಿಂಗಳು ಕೊಟ್ಟು ಬಹುಪಾಲು ಮಂದಿಗೆ ನೋವು ನಿಂತಿತೆಂದು 1996ರಲ್ಲಿ ಪ್ರಕಟಿಸಿದರು. ಯಂತ್ರದಲ್ಲಿ ಮಿಣುಗುವಂತೆ ಬಿಳಿ ಮಾಡಿದ ಅಕ್ಕಿಯಲ್ಲಿ ಈ ಸತ್ವ ಉಳಿಯುವುದು ಅತ್ಯಲ್ಪ. ರಾಗಿಯಲ್ಲಿ ಅದರ ಐದಾರು ಪಟ್ಟು ಉಂಟು. ಕಡಲೆಕಾಯಿಯಲ್ಲಿ ಇನ್ನೂ ಹೆಚ್ಚು. ಆದರೆ ದಿನಕ್ಕೆ 100 ಮಿಲಿಗ್ರಾಂ ಬರುವಷ್ಟು ರಾಗಿಯನ್ನು ಭೀಮಸೇನನೂ ಉಣ್ಣಲಾರ! ಅದು ಮಾತ್ರೆಯ ಪ್ರಮಾಣ, ಮುದ್ದೆಯ ಪ್ರಮಾಣವಲ್ಲ. ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ಸಂಸ್ಥೆಯ ಪರಿಶೀಲಕರು 2016ರಲ್ಲಿ, ಯಾವುದೊಂದು ಪೂರಕ ಆಹಾರವನ್ನೂ ಧೈರ್ಯವಾಗಿ ಶಿಫಾರಸು ಮಾಡುವಷ್ಟು ಗಟ್ಟಿಯಾದ ಆಧಾರ ದೊರೆತಿಲ್ಲವೆಂದೇ ತೀರ್ಮಾನಿಸಿದರು. ಶುಂಠಿಯ ಕಷಾಯ ಹಿತವೆನಿಸಿದವರು ಅವಶ್ಯವಾಗಿ ಕುಡಿಯಲಿ. ಬಿಸಿನೀರಿನ ಚೀಲವನ್ನು ಹೊಟ್ಟೆಯ ಮೇಲಿಟ್ಟುಕೊಳ್ಳಲಿ. ನೋವು ಪೂರ್ತಿ ನಿಲ್ಲದಿದ್ದರೆ ಅಡುಗೆಯನ್ನು ದೂರದಿರಲಿ.

ಮುಟ್ಟಿಗೆ ಮುಂಚಿನ ವಾರದ ಸಿಡುಕು, ಮೈಬಾವು, ಅಳು ಬರುವಂಥ ಮನಸ್ಸು ಇವುಗಳ ವಿಷಯದಲ್ಲಿ ಸುಣ್ಣದ ಸತ್ವ, ಎಂದರೆ ಕ್ಯಾಲ್ಸಿಯಂ, ಇದಕ್ಕಿಂತ ಭರವಸೆಯನ್ನು ಕೊಟ್ಟಿದೆ. 1998ರಲ್ಲಿ ಅಮೆರಿಕದಲ್ಲಿ ನಾನೂರಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಪರೀಕ್ಷೆಯಲ್ಲಿ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಸೇವಿಸಿದವರ ತೊಂದರೆ ಮೂರನೆಯ ತಿಂಗಳ ಹೊತ್ತಿಗೆ ಸುಮಾರು ಅರ್ಧದಷ್ಟು ಇಳಿದಿತ್ತು. ಬರಿಯ ಹುಸಿಮಾತ್ರೆ ನುಂಗಿದವರಿಗೂ ಮೂವತ್ತು ಪಾಲು ಇಳಿದಿತ್ತೆಂಬುದನ್ನು ಮರೆಯುವಂತಿಲ್ಲ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮೀರಿದ ಕ್ಯಾಲ್ಸಿಯಂ ಉಂಟು. ಧಾನ್ಯಗಳಲ್ಲಿ ಇದಕ್ಕೆ ಸಾಟಿಯಾದುದು ಇನ್ನೊಂದಿಲ್ಲ.

ಕಬ್ಬಿಣದ ಜಮಾಖರ್ಚು

ಇನ್ನು ಸುಸ್ತಿನ ಮಾತು. ಆಹಾರದ ನಿಜವಾದ ಅಧಿಕಾರ ನಡೆಯುವುದು ಇಲ್ಲಿ. ಪ್ರತಿ ತಿಂಗಳೂ ಸಾಧಾರಣವಾಗಿ ಹೋಗುವ ರಕ್ತ 30-40 ಮಿಲಿಲೀಟರ್. ಅದರೊಡನೆ ಹೋಗುವ ಕಬ್ಬಿಣ ಸುಮಾರು 15 ಮಿಲಿಗ್ರಾಂ. ಸ್ರಾವ ಹೆಚ್ಚಾಗಿರುವವರಲ್ಲಿ ಇದು ಎರಡು ಪಟ್ಟನ್ನೂ ಮೀರೀತು. ಕಬ್ಬಿಣವಿಲ್ಲದೆ ರಕ್ತದ ಕೆಂಪಿಲ್ಲ. ಕೆಂಪಿಲ್ಲದೆ ಮೈಗೆ ಪ್ರಾಣವಾಯುವಿಲ್ಲ. ತಿಂಗಳು ತಿಂಗಳೂ ಖರ್ಚು ನಡೆದು ಜಮಾ ಬಾರದಿದ್ದರೆ ಬೊಕ್ಕಸ ಬರಿದಾಗುವುದರಲ್ಲಿ ಆಶ್ಚರ್ಯವೇನು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ; ಇಡೀ ದೇಶದಲ್ಲಿ ನೂರಕ್ಕೆ 57. ಮುಟ್ಟಿನ ದಿನಗಳಲ್ಲಿ ಯಂತ್ರದ ಮುಂದೆ ತಲೆಸುತ್ತಿ ಬೀಳುವ ಹುಡುಗಿಯನ್ನು ಬೀಳಿಸಿದುದು ಆ ದಿನದ ಸ್ರಾವವಲ್ಲ, ಹಿಂದಿನ ಹತ್ತಾರು ತಿಂಗಳ ಬಾಕಿ. ಆದುದರಿಂದಲೇ ಆ ಮೂರು ದಿನ ಮಾತ್ರ ಬೆಲ್ಲ, ಬೀಟ್‌ರೂಟು, ದಾಳಿಂಬೆ ತಿನ್ನಿಸಿದರೆ ಬರುವ ಫಲ ಅಷ್ಟಕ್ಕಷ್ಟೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ವಯಸ್ಕ ಮಹಿಳೆಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು. ಗಂಡಸಿಗೆ 19 ಸಾಕು. ತಿಂಗಳಿಗೆ ಹೋಗುವುದೇ 15 ಆಗಿರುವಾಗ ದಿನಕ್ಕೆ 29 ಏಕೆಂದು ಕೇಳಬಹುದು. ಸ್ರಾವದ ಹೊರತಾಗಿಯೂ ದೇಹ ಪ್ರತಿದಿನ ಒಂದಿಷ್ಟು ಕಬ್ಬಿಣವನ್ನು ಕಳೆದುಕೊಳ್ಳುತ್ತದೆ. ಅದಕ್ಕಿಂತ ಮುಖ್ಯವಾದ ಕಾರಣ, ಕಾಳು ಬೇಳೆ ಸೊಪ್ಪುಗಳಲ್ಲಿರುವ ಕಬ್ಬಿಣದಲ್ಲಿ ಕರುಳು ಹೀರಿಕೊಳ್ಳುವುದು ನೂರರಲ್ಲಿ ಏಳೆಂಟು ಪಾಲು ಮಾತ್ರ ಎಂಬುದು. ಮಿಕ್ಕುದೆಲ್ಲ ಬಂದ ದಾರಿಯಲ್ಲೇ ಹೊರಟುಹೋಗುತ್ತದೆ. ನೂರು ಗ್ರಾಂ ರಾಗಿಯಲ್ಲಿರುವುದು ನಾಲ್ಕು ನಾಲ್ಕೂವರೆ ಮಿಲಿಗ್ರಾಂ. ಹುರುಳಿಯಲ್ಲಿ ಏಳರಿಂದ ಒಂಬತ್ತು. ರಕ್ತ ತುಂಬುತ್ತದೆಂದು ಹೆಸರಾದ ಬೆಲ್ಲದ ಒಂದು ಅಚ್ಚು ಚೂರಿನಿಂದ ಬರುವುದು ಅರ್ಧ ಮಿಲಿಗ್ರಾಂ ಕೂಡ ಅಲ್ಲ. ಹೆಣ್ಣು ಮಗಳು ಮೈನೆರೆದಾಗ ಹಳೆಯ ಮೈಸೂರಿನ ಮನೆಗಳಲ್ಲಿ ಎಳ್ಳು ಬೆಲ್ಲ ಕುಟ್ಟಿ ಮಾಡುವ ಚಿಗಳಿಯಲ್ಲಿ ಸತ್ವವಿರುವುದು ಹೆಚ್ಚಾಗಿ ಎಳ್ಳಿನಲ್ಲಿ: ಕಬ್ಬಿಣ ಬೆಲ್ಲದ ಎರಡು ಪಟ್ಟಿಗೂ ಹೆಚ್ಚು, ಕ್ಯಾಲ್ಸಿಯಂ ನೂರು ಗ್ರಾಂಗೆ ಸಾವಿರ ಮಿಲಿಗ್ರಾಂಗೂ ಮೇಲೆ. ದುರ್ದೈವದಿಂದ ಆ ಆರತಿಯ ದಿನಗಳು ಕಳೆದ ಮೇಲೆ ಚಿಗಳಿಯ ಹೆಸರನ್ನು ಯಾರೂ ಎತ್ತುವುದಿಲ್ಲ. ಎಳ್ಳು ‘ಉಷ್ಣ’ವೆಂಬ ಭಯ ಬೇರೆ.

ಹೀಗಿರುವಾಗ, ಎಷ್ಟು ತಿಂದಳೆಂಬುದಕ್ಕಿಂತ ಯಾವುದರೊಡನೆ ತಿಂದಳು, ಅದರ ಮೇಲೆ ಏನು ಕುಡಿದಳು ಎಂಬುದೇ ಮುಖ್ಯವಾಗುತ್ತದೆ. ಬೆಂಗಳೂರಿನ ಮನೆಮನೆಯ ಮಾತು ಬರುವುದು ಇಲ್ಲಿಯೇ. 1983ರಲ್ಲಿ ಅಮೆರಿಕದ ಸಂಶೋಧಕರು ಊಟದೊಡನೆ ಕಾಫಿ ಕುಡಿದರೆ ಕಬ್ಬಿಣದ ಹೀರಿಕೆ ನೂರಕ್ಕೆ 39ರಷ್ಟೂ ಚಹ ಕುಡಿದರೆ 64ರಷ್ಟೂ ಕುಸಿಯುವುದನ್ನು ಅಳೆದು ತೋರಿಸಿದರು. ಊಟಕ್ಕೆ ಒಂದು ಗಂಟೆ ಮುಂಚೆ ಕುಡಿದ ಕಾಫಿಯಿಂದ ಏನೂ ನಷ್ಟವಾಗಲಿಲ್ಲ; ಊಟವಾದ ಒಂದು ಗಂಟೆಯ ಮೇಲೆ ಕುಡಿದದ್ದು ಮಾತ್ರ ಊಟದೊಡನೆ ಕುಡಿದಷ್ಟೇ ಕೆಡುಕು ಮಾಡಿತು. ಇಡ್ಲಿಯ ತಟ್ಟೆಯ ಪಕ್ಕದಲ್ಲೇ ಲೋಟ ಬಟ್ಟಲುಗಳನ್ನು ಇಟ್ಟುಕೊಳ್ಳುವ ನಮ್ಮ ಗೃಹಿಣಿಯರಿಗೆ ಇದು ರುಚಿಸುವ ಮಾತಲ್ಲ. ಕಾಫಿಯನ್ನು ಬಿಡಬೇಕೆಂದು ಯಾರೂ ಹೇಳುತ್ತಿಲ್ಲ. ಎದ್ದ ಕೂಡಲೆ ಕುಡಿಯಿರಿ, ತಿಂಡಿಯನ್ನು ಒಂದು ಗಂಟೆ ತಡೆದು ತಿನ್ನಿರಿ. ಊಟದ ಮೇಲೆ ಬೇಕೆನಿಸಿದರೆ ಎರಡು ಗಂಟೆ ಕಾಯಿರಿ.

ಹೀರಿಕೆಯನ್ನು ಕುಗ್ಗಿಸುವುದು ಚಹವಾದರೆ ಹಿಗ್ಗಿಸುವುದು ಸಿ ಜೀವಸತ್ವ. ಇದನ್ನು ಬಲು ಚೆನ್ನಾಗಿ ತೋರಿಸಿಕೊಟ್ಟವರು ಅದೇ ಹೈದರಾಬಾದ್ ಸಂಸ್ಥೆಯ ವಿಜ್ಞಾನಿಗಳು. 2013ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಹದಿಹರೆಯದವರಿಗೆ ಮಾಮೂಲಿನ ಅನ್ನದ ಊಟದೊಡನೆ ಸೀಬೆಹಣ್ಣನ್ನು ಕೊಟ್ಟಾಗ ಕಬ್ಬಿಣದ ಹೀರಿಕೆ ಎರಡು ಪಟ್ಟಿಗೂ ಮಿಕ್ಕಿತು. ಸೇಬಲ್ಲ, ದಾಳಿಂಬೆಯಲ್ಲ, ಉಪ್ಪುಖಾರ ಹಚ್ಚಿ ಬೀದಿಯ ತಳ್ಳುಗಾಡಿಯಲ್ಲಿ ಮಾರುವ ಸೀಬೆ! ನೆಲ್ಲಿಕಾಯಿಯೂ ನಿಂಬೆಯೂ ಇದೇ ಕೆಲಸವನ್ನು ಮಾಡುತ್ತವೆ. ಆದರೆ ಈ ಸತ್ವಕ್ಕೆ ಬಿಸಿ ಆಗದು, ಕಾಲವೂ ಆಗದು. ಬೆಳಗ್ಗೆ ಐದು ಗಂಟೆಗೆ ಒಲೆಯ ಮೇಲೆಯೇ ಹಿಂಡಿದ ಚಿತ್ರಾನ್ನದ ನಿಂಬೆ ಮಧ್ಯಾಹ್ನ ಒಂದು ಗಂಟೆಗೆ ಬರಿಯ ಹುಳಿಯಾಗಿ ಉಳಿದಿರುತ್ತದೆ. ಅರ್ಧ ಹೋಳು ನಿಂಬೆಯನ್ನು ಡಬ್ಬಿಯ ಮುಚ್ಚಳದಲ್ಲಿಟ್ಟು, ಉಣ್ಣುವಾಗ ಹಿಂಡಿಕೊಳ್ಳುವುದು ಲೇಸು.

ರಾಗಿಗೂ ಒಂದು ದೋಷವುಂಟು. ಅದರ ಕಬ್ಬಿಣವನ್ನು ಅದರ ಸಿಪ್ಪೆಯಲ್ಲಿಯೇ ಇರುವ ಒಗರೂ ಫೈಟೇಟ್ ಎಂಬ ವಸ್ತುವೂ ಹಿಡಿದಿಟ್ಟುಕೊಳ್ಳುತ್ತವೆ. ಈ ಬಿಗಿಯನ್ನು ಸಡಿಲಿಸುವ ಉಪಾಯ ಹಳ್ಳಿಯ ಅಡುಗೆಯಲ್ಲಿ ಹಿಂದಿನಿಂದಲೂ ಇದೆ. ಮೊಳಕೆ ಕಟ್ಟಿ ಒಣಗಿಸಿ ಬೀಸಿದ ಹಿಟ್ಟು, ರಾತ್ರಿ ಕಲಸಿಟ್ಟು ಹುಳಿ ಬರಿಸಿದ ಅಂಬಲಿ, ಹುರುಳಿಯನ್ನು ಮೊಳಕೆ ತರಿಸಿ ಮಾಡುವ ಸಾರು, ಇವೆಲ್ಲ ಆ ಉಪಾಯಗಳೇ. ತುಮಕೂರು, ಹಾಸನ, ಮಂಡ್ಯದ ಊರುಗಳಿಂದ ಪೀಣ್ಯಕ್ಕೆ ಬಂದ ಹೆಂಗಸರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅವರಿಗಿಲ್ಲದ್ದು ತಿಳಿವಳಿಕೆಯಲ್ಲ, ಹೊತ್ತು. ಒಂದೇ ಕೋಣೆಯ ಮನೆಯಲ್ಲಿ ಮೊಳಕೆಯ ಗಂಟು ಕಟ್ಟುವುದಕ್ಕೂ ಸೊಪ್ಪು ಬಿಡಿಸುವುದಕ್ಕೂ ಎರಡು ಕೈ ಬೇಕು. ಆ ಕೈಗಳು ದಿನವೆಲ್ಲ ಕಾಲರು ತೋಳುಗಳನ್ನು ಹೊಲಿದು ಬಂದಿರುತ್ತವೆ.

ಗೇಟಿನ ಒಳಗೂ ಹೊರಗೂ

ಕಾರ್ಖಾನೆಯ ಒಳಗೆ ಊಟಕ್ಕೆ ಸಿಕ್ಕುವುದು ಸಾಮಾನ್ಯವಾಗಿ ಅರ್ಧ ಗಂಟೆ. ಕೈ ತೊಳೆಯುವ ಸಾಲು, ಶೌಚಾಲಯದ ಸಾಲು ಎರಡನ್ನೂ ಕಳೆದರೆ ಉಳಿಯುವುದು ಹತ್ತು ಹದಿನೈದು ನಿಮಿಷ. ಉಂಡು ಮುಗಿಯುವುದರೊಳಗೆ ಚಹ ಸಿದ್ಧ. ಶೌಚಾಲಯಕ್ಕೆ ಎದ್ದರೆ ತುಂಡಿನ ಲೆಕ್ಕ ತಪ್ಪುತ್ತದೆಂದು ನೀರನ್ನೇ ಕುಡಿಯದೆ ಸಂಜೆಯವರೆಗೆ ತಡೆದುಕೊಳ್ಳುವ ಹೆಂಗಸರ ಕಥೆ ಉಡುಪಿನ ಕಾರ್ಖಾನೆಗಳಲ್ಲಿ ಹೊಸದಲ್ಲ. ಮುಟ್ಟಿನ ದಿನಗಳಲ್ಲಿಯೂ ಇದೇ ನಡೆದರೆ ತಲೆನೋವು, ಮಲಬದ್ಧತೆ, ಮೂತ್ರದ ಉರಿ ಒಂದರ ಮೇಲೊಂದು ಸೇರಿಕೊಳ್ಳುತ್ತವೆ. ಬರಿಹೊಟ್ಟೆಯಲ್ಲಿ ನುಂಗುವ ನೋವಿನ ಮಾತ್ರೆಯ ಕಥೆ ಇನ್ನೊಂದು. 2019ರಲ್ಲಿ ತಮಿಳುನಾಡಿನ ಉಡುಪಿನ ಕಾರ್ಖಾನೆಗಳಲ್ಲಿ ಹೆಸರೂ ಚೀಟಿಯೂ ಇಲ್ಲದ ಮಾತ್ರೆಗಳನ್ನು ಮುಟ್ಟಿನ ನೋವಿಗೆ ಹಂಚುತ್ತಿದ್ದುದನ್ನು ಪತ್ರಕರ್ತರು ಬಯಲಿಗೆ ತಂದರು. ಮುಟ್ಟಿನ ನೋವಿಗೆ ಬಹಳವಾಗಿ ಬಳಕೆಯಲ್ಲಿರುವ ಮೆಫೆನಮಿಕ್ ಆಮ್ಲದಿಂದ ಕೆಲವರಿಗೆ ತೀವ್ರವಾದ ಅಲರ್ಜಿ ಉಂಟಾಗಬಹುದೆಂದು ಭಾರತೀಯ ಔಷಧಕೋಶ ಆಯೋಗವು 2023ರಲ್ಲಿ ಎಚ್ಚರಿಸಿತು. ವೈದ್ಯರು ಕೊಟ್ಟರೆ ಆ ಮಾತ್ರೆ ತೆಗೆದುಕೊಳ್ಳಲು ಹೆದರಬೇಕಾದುದಿಲ್ಲ; ಆದರೆ ತಿಂಡಿ ತಿಂದ ಮೇಲೆ ತೆಗೆದುಕೊಳ್ಳಬೇಕು. ತಿಂಡಿ ತಿನ್ನಲು ಹೊತ್ತಿಲ್ಲದವಳಿಗೆ ಈ ಉಪದೇಶ ಎಷ್ಟರದು? 1948ರ ಕಾರ್ಖಾನೆಗಳ ಕಾಯಿದೆ 250ಕ್ಕಿಂತ ಹೆಚ್ಚು ಮಂದಿ ದುಡಿಯುವಲ್ಲಿ ಕ್ಯಾಂಟೀನನ್ನು ವಿಧಿಸಲು ಅವಕಾಶ ಕೊಟ್ಟಿತ್ತು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ಸಂಹಿತೆ ಆ ಮಿತಿಯನ್ನು 100ಕ್ಕೆ ಇಳಿಸಿದೆ. ಅಂಥ ಕ್ಯಾಂಟೀನಿನಲ್ಲಿ ಬೆಳಗ್ಗೆ ಒಂದು ಲೋಟ ಅಂಬಲಿ, ಮಧ್ಯಾಹ್ನ ಒಂದು ನಿಂಬೆಯ ಹೋಳು ಸಿಗುವಂತಾದರೆ, ಚಹದ ಗಂಟೆ ಊಟದಿಂದ ಎರಡು ಗಂಟೆ ದೂರ ಸರಿದರೆ, ಖರ್ಚು ಎಷ್ಟಾದೀತು?

ಪೀಣ್ಯದಿಂದ ಊರಿನ ಇನ್ನೊಂದು ತುದಿಗೆ, ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳಿಗೆ ಹೋದರೆ ಸಂಬಳ ಬೇರೆ, ಕುರ್ಚಿ ಬೇರೆ. ಮುಂಜಾನೆಯ ಬರಿಹೊಟ್ಟೆ ಮಾತ್ರ ಅದೇ. ಸಂಚಾರದ ದಟ್ಟಣೆಗೆ ಹೆದರಿ ಏಳು ಗಂಟೆಗೇ ಕ್ಯಾಬು ಹತ್ತಿದವಳ ತಿಂಡಿ ಕಚೇರಿಯ ಯಂತ್ರ ಸುರಿಯುವ ಕಾಫಿ. ಪರದೇಶದ ಗಡಿಯಾರಕ್ಕೆ ದುಡಿಯುವವಳ ರಾತ್ರಿಯೂಟ ಹನ್ನೊಂದಕ್ಕೆ ಡಬ್ಬದಲ್ಲಿ ಬರುವ ಬಿರಿಯಾನಿ. ಜಪಾನಿನ ಕಾಲೇಜು ವಿದ್ಯಾರ್ಥಿನಿಯರನ್ನು ಕುರಿತ 2003ರ ಒಂದು ಅಧ್ಯಯನವು ಬೆಳಗಿನ ತಿಂಡಿಯನ್ನು ಬಿಡುವವರಲ್ಲಿ ಮುಟ್ಟಿನ ನೋವು ಹೆಚ್ಚೆಂದು ಕಂಡುಕೊಂಡಿತು. ತಿಂಡಿ ಬಿಟ್ಟುದರಿಂದ ನೋವೋ, ನೋವಿರುವವಳ ಬದುಕೇ ಅಸ್ತವ್ಯಸ್ತವೋ ಎಂಬುದನ್ನು ಇಂಥ ಅಧ್ಯಯನದಿಂದ ಬಿಡಿಸಿ ಹೇಳಲಾಗದು. ಆದರೂ ರಕ್ತಹೀನತೆ ಬಡವರ ರೋಗವೆಂಬ ಭಾವನೆ ಮಾತ್ರ ತಪ್ಪು. ಅದೇ ಕುಟುಂಬ ಸಮೀಕ್ಷೆಯಲ್ಲಿ ದೇಶದ ಅತ್ಯಂತ ಅನುಕೂಲಸ್ಥ ಮನೆಗಳ ಮಹಿಳೆಯರಲ್ಲಿಯೂ ಸುಮಾರು ಅರ್ಧದಷ್ಟು ಮಂದಿಗೆ ಅದು ಇತ್ತು. ತೂಕ ಇಳಿಸಲು ರಾತ್ರಿಯೂಟ ಬಿಡುವ ಮಗಳನ್ನೂ ಎಲ್ಲರಿಗೂ ಬಡಿಸಿ ಕೊನೆಗೆ ತಳದ ಸಾರನ್ನು ಅನ್ನಕ್ಕೆ ಕಲಸಿಕೊಳ್ಳುವ ತಾಯಿಯನ್ನೂ ಒಂದೇ ಮನೆಯಲ್ಲಿ ಕಾಣಬಹುದು.

ಅಡುಗೆಮನೆಯ ಕೈಮೀರಿದ ಸಂಗತಿಗಳೂ ಉಂಟು. ಏಳು ದಿನ ಮೀರಿ ನಿಲ್ಲದ ಸ್ರಾವ, ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾದ ಸ್ಥಿತಿ, ವರ್ಷದಿಂದ ವರ್ಷಕ್ಕೆ ಏರುತ್ತಲೇ ಹೋಗುವ ನೋವು, ಮುಟ್ಟಿಲ್ಲದ ದಿನಗಳಲ್ಲಿಯೂ ಕಾಡುವ ನೋವು, ಇವುಗಳಲ್ಲಿ ಯಾವುದಿದ್ದರೂ ಕಷಾಯ ಕುದಿಸುತ್ತ ಕೂರಬಾರದು. ಗರ್ಭಕೋಶದ ಗೆಡ್ಡೆಯಾಗಲಿ, ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಆಗಲಿ ಇರಬಹುದು. ಈ ಎರಡನೆಯದು ಹತ್ತು ಮಂದಿಯಲ್ಲಿ ಒಬ್ಬರಿಗೆ ಇರುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ‘ಮದುವೆಯಾದರೆ, ಒಂದು ಹೆರಿಗೆಯಾದರೆ ಸರಿಹೋಗುತ್ತದೆ’ ಎಂಬ ಹಿರಿಯರ ಸಮಾಧಾನದಲ್ಲಿ ಎಷ್ಟೋ ವರ್ಷಗಳು ಕಳೆದುಹೋಗುತ್ತವೆ. ಇ.ಎಸ್.ಐ. ಚೀಟಿಯಿರುವ ಕಾರ್ಮಿಕ ಮಹಿಳೆಯರಿಗೆ ಪೀಣ್ಯದಲ್ಲಿಯೂ ರಾಜಾಜಿನಗರದಲ್ಲಿಯೂ ಆಸ್ಪತ್ರೆಗಳಿವೆ. ರಕ್ತದ ಪರೀಕ್ಷೆಗೆ ಒಂದು ಬೆರಳಿನ ಚುಚ್ಚು ಸಾಕು. ಹೀಮೊಗ್ಲೋಬಿನ್ 12 ಗ್ರಾಂಗಿಂತ ಕೆಳಗಿದ್ದರೆ ಅದನ್ನು ರಕ್ತಹೀನತೆಯೆಂದೇ ಎಣಿಸುತ್ತಾರೆ.

ಬೊಕ್ಕಸ ತೀರ ಬರಿದಾದವರಿಗೆ ಸೀಬೆಹಣ್ಣೂ ಹುರುಳಿಯೂ ಸಾಲವು. ವೈದ್ಯರು ಹೇಳಿದಷ್ಟು ಕಾಲ ಕಬ್ಬಿಣದ ಮಾತ್ರೆಯನ್ನೇ ತೆಗೆದುಕೊಳ್ಳಬೇಕು. 2018ರಲ್ಲಿ ಆರಂಭವಾದ ಅನೀಮಿಯ ಮುಕ್ತ ಭಾರತ ಯೋಜನೆಯಲ್ಲಿ 20ರಿಂದ 49 ವಯಸ್ಸಿನ ಮಹಿಳೆಯರಿಗೆ ವಾರಕ್ಕೊಂದು ಕೆಂಪು ಮಾತ್ರೆಯನ್ನು ಗೊತ್ತುಮಾಡಿದ್ದಾರೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣವೂ ಜೊತೆಗೆ ಫೋಲಿಕ್ ಆಮ್ಲವೂ ಇರುತ್ತವೆ. ಮಾತ್ರೆ ನುಂಗಿದವರಲ್ಲಿ ಕೆಲವರಿಗೆ ಹೊಟ್ಟೆ ತೊಳಸುವುದುಂಟು, ಮಲ ಕಪ್ಪಾಗುವುದುಂಟು. ಕಪ್ಪನ್ನು ಕಂಡು ಗಾಬರಿಯಾಗಿ ಮಾತ್ರೆಯನ್ನು ಬಿಟ್ಟವರು ಬಹಳ. ಅದು ಹೀರಿಕೆಯಾಗದೆ ಉಳಿದ ಕಬ್ಬಿಣದ ಬಣ್ಣ, ಅಷ್ಟೇ. ತೊಳಸುವವರು ರಾತ್ರಿಯ ಊಟವಾದ ಮೇಲೆ ಮಲಗುವ ಮುಂಚೆ ನುಂಗಿದರೆ ಸಹ್ಯವಾಗುತ್ತದೆ. ಜೊತೆಗೆ ಒಂದು ಲೋಟ ನಿಂಬೆಯ ಪಾನಕ ಇರಲಿ. ಚಹವೂ ಬೇಡ, ಹಾಲೂ ಬೇಡ.